ಹಗ್ಗದ ಉದ್ದ

ಕ್ಯಾಲೆಂಡರಿನ ಹಿಂದ ಗೆರಿ ಹೊಡದಾಳ ನಾಗಲಾ.
ಎಡಕ್ಕ ಮಡಗಾಂವ, ಬಲಕ್ಕ ಗುಡ್ಡದ ಮ್ಯಾಲಿನ ಕಾಲೇಜು.
ಮೂರು ವರ್ಷ, ನಾಕು ವರ್ಷ.
ಅಲ್ಲಿ ಭೌತಶಾಸ್ತ್ರದ ಜೋಡಿ ರಸಾಯನ, ಗಣಿತ, ಮೂರೂ ಒಂದ ತಾಟಿನ್ಯಾಗ.
ಇಲ್ಲಿ ಬರೇ ಭೌತಶಾಸ್ತ್ರ, ಕಡೀ ವರ್ಷ ತನ್ನದ ಅಂತ ಒಂದು ಪ್ರಯೋಗ.
ಫೀಜು, ಬಸ್ಸು, ಮುಂದ ಎಮ್ಮೆಸ್ಸಿ ಸೀಟು ಸಿಗತೈತೋ ಇಲ್ಲೋ.
ಕಡೀ ಮನಿ ಮಾತ್ರ ಖಾಲಿ ಬಿಟ್ಟಾಳ.
ಏನು ಬರೀತಿ ಅದರಾಗ, ಅಂದ್ರ
‘ಗೊತ್ತಿಲ್ಲಪ್ಪಾ, ಏನರ ಇರತೈತಿ ಬಿಡು’ ಅಂತಾಳ.

ಬೈನಾದ ಈ ಓಣ್ಯಾಗ ಹತ್ತು ಮಂದಿ, ಹತ್ತು ಮಾತು.
ಇಸ್ತ್ರಿ ಅಂಗಡಿ ಶಿವಪುತ್ರ: ‘ಯಾಕ, ಇಂಜಿನಿಯರಿಂಗ್ ಸಿಗಲಿಲ್ಲೇನು?’
ಸಿಕ್ಕಿತ್ತೋ ತಮ್ಮಾ, ಬ್ಯಾಡ ಅಂದ್ಳು.
ಮಹಡಿ ಮ್ಯಾಲಿನ ಫಿಲೋಮೆನಾಬಾಯಿ: ‘ಟೀಚರ್ ಆಗಾಕೇನು?’
ಆಕಿ ಅವ್ವ ರೊಟ್ಟಿ ಬಡಿಯೂದು ನಿಲ್ಲಸಲಿಲ್ಲ. ಒಂದ ಕೇಳಿದ್ಳು:
‘ಬೆಳಕಿರೂದರಾಗ ಮನೀಗೆ ಬರಾಕ ಆಗೂದು ಯಾವದು?’
ಅದಕ್ಕೂ ಒಂದು ಗೆರಿ ಹೊಡದು ಬರಕೊಂಡ್ಳು ನಾಗಲಾ.

ನಾನು ಬಂದರಿನ್ಯಾಗ ಕ್ರೇನ್ ನಡಸಾಂವ.
ಏಳನೇತ್ತೆ ಪಾಸು. ಇಪ್ಪತ್ತಾರು ವರ್ಷ ಆತು
ಆ ಗಾಜಿನ ಡಬ್ಬ್ಯಾಗ ಕುಂತು.
ಕಲ್ಲಿದ್ದಲಿ ಧೂಳು, ಕೆಮ್ಮಿದ್ರೂ ಕರೀದು.
ಆಕಿ ಹತ್ತನೇತ್ತೆ ಇದ್ದಾಗ ಒಮ್ಮೆ ಕೇಳಿದ್ಳು:
‘ಅಪ್ಪಾ, ಖಾಲಿ ಕೊಕ್ಕಿ ಜಲ್ದಿ ತೂಗತೈತೋ,
ಹನ್ನೆರಡು ಟನ್ ಕಟ್ಟಿದ್ದೋ?’
ಎರಡೂ ಒಂದ, ಅಂದೆ. ಹಗ್ಗ ಎಷ್ಟು ಬಿಟ್ಟೀವಿ, ಅದರ ಮ್ಯಾಲೆ.
ಮ್ಯಾಲೆ ಎಳದಂಗ ಚುರುಕು, ಕೆಳಗ ಬಿಟ್ಟಂಗ ಸಾವಕಾಶ.
ಇದರಾಗೇನೈತಿ, ಕೈಗೆ ಗೊತ್ತಿರೂ ಮಾತು.
ಪುಸ್ತಕ ತಂದು ತೋರಿಸಿದ್ಳು: ವರ್ಗಮೂಲದ ಚಪ್ಪರದ ಕೆಳಗ
ಹಗ್ಗದ ಉದ್ದ ಕುಂತಿತ್ತು,
ತೂಕದ ಹೆಸರ ಇರಲಿಲ್ಲ.
ಅವತ್ತು ರಾತ್ರಿ ಆಕಿ ಮಲಗಲಿಲ್ಲ. ನಾನೂ ಒಂದೀಟು ತಡಾ ಆತು.

ಗುರುವಾರ ರಜಾ ಹಾಕಿ ಎರಡೂ ಕಡೆ ಹೋದ್ವಿ.
ಮಡಗಾಂವದಾಗ ಚಾ ಕೊಟ್ರು. ಪ್ರಯೋಗಶಾಲೆ ಸ್ವಚ್ಛ,
ಗಾಜಿನ ಕಪಾಟಿನ್ಯಾಗ ಹಿತ್ತಾಳಿ ಸಾಮಾನು, ಎಲ್ಲಾಕೂ ಕೀಲಿ.
ಮುಟ್ಟಬಾರದು ಅಂತ ಮೂರು ಭಾಷೆದಾಗ ಚೀಟಿ.
ಮತ್ತ ಬಸ್ಸು, ಜುವಾರಿ ಸೇತುವೆ, ಗುಡ್ಡ.
ಅಲ್ಲಿ ಯಾರೂ ಚಾ ಅನ್ನಲಿಲ್ಲ.
ಮೂಲ್ಯಾಗ ಒಬ್ಬ ಹುಡುಗ ತಂತಿ ಬೆಸಿಯಾಕ ಹತ್ತಿದ್ದ,
ಮುದುಕ ಅಟೆಂಡರ್ ಬ್ಯಾಟರಿ ಹಿಡದು ನಿಂತಿದ್ದ.
‘ಇಂವ ಸುಟ್ಟಾನ. ಇಂವನ ಬೆಸಿಬೇಕು’ ಅಂದ ಹಿಂದ್ಯಾಗ.
ನಾಗಲಾ ಬಗ್ಗಿ ನೋಡಿದ್ಳು. ಹೊಗಿ ಮಾರಿಗೆ ಬಡೀತು,
ಸರೀಲಿಲ್ಲ.

ಆದ್ರ ಗುಡ್ಡದ್ದು ಫೀಜು ಎರಡು ಪಟ್ಟು.
ಗಣಿತ ಭಾಳ, ಮೊದಲ ವರ್ಷಕ್ಕ ಎಷ್ಟೋ ಮಂದಿ ಬಿಡತಾರ
ಅಂತ ಗೇಟಿನ್ಯಾಗ ಒಬ್ಬಾಕಿ ಹೇಳಿದ್ಳು,
ತಾನೂ ಬಿಡಾಕಿ ಅಂತ, ನಕ್ಕೋತ.
ಬಸ್ಸಿನ್ಯಾಗ ನನ್ನ ಮಗಳು ತುಟಿ ಬಿಚ್ಚಲಿಲ್ಲ.
ಕುಠ್ಠಾಳಿ ದಾಟಿದ ಮ್ಯಾಲೆ:
‘ಅಪ್ಪಾ, ನೀ ಮೊದಲ ದಿನಾ ಕ್ರೇನ್ ಹತ್ತಿದಾಗ ಏನಾತು?’
ವಾಂತಿ ಆತು, ಅಂದೆ. ಖರೇನ.
ನಕ್ಕಳು, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು.

ಇವತ್ತು ಅರ್ಜಿ ಹಾಕಾಕ ಕಡೀ ದಿನಾ. ನಂದು ರಾತ್ರಿ ಪಾಳಿ.
ಹಾಕಿದ್ಯೋ ಇಲ್ಲೋ ಕೇಳದ ಬಂದೀನಿ.
ಡಬ್ಬಿ ತೆಗದ್ರ ರೊಟ್ಟಿ ಮ್ಯಾಲೆ ಕ್ಯಾಲೆಂಡರಿನ ಹಾಳಿ, ನಾಕು ಮಡಿಕಿ.
ಖಾಲಿ ಬಿಟ್ಟ ಮನ್ಯಾಗ ಬರದಾಳ: ‘ಬೆಸುಗಿ.’
ಅದರ ಕೆಳಗ, ಸಣ್ಣಕ: ‘ಅವ್ವಗ ನೀನ ಹೇಳು.’

ಹಡಗಿನ ಹೊಟ್ಟ್ಯಾಗಿಂದ ಬ್ಯಾಟರಿ ಆಡಸಾಕ ಹತ್ಯಾರ,
ಬಿಡು, ಇನ್ನಷ್ಟು ಬಿಡು ಅಂತ.
ಬಿಡಾಕ ಹತ್ತೀನಿ.
ಆಕಿ ಅವ್ವಗ ಹೆಂಗ ಹೇಳ್ಲಿ,
ಗುಡ್ಡದಿಂದ ಬರೂ ಬಸ್ಸು ಎಂಟೂವರೀಗೆ ಅಂತ.